ಕಾಯುವ ಹೊತ್ತಿನ ಸ್ವರ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕಿವಿಯಪ್ಪ. ಹಾಗೆಂದು ಅವನ ಕಿವಿಗಳೇನೂ ದೊಡ್ಡವಲ್ಲ. ಅವುಗಳ ಬಗ್ಗೆ ಅವನು ಆಡುವ ಮಾತು ದೊಡ್ಡದು. ಕಸುಬು ಕೊಳಲು ಮಾಡುವುದು. ತನ್ನ ಕಿವಿಗೆ ಒಮ್ಮೆ ಬಿದ್ದ ಸ್ವರ ಮೊಳೆ ಹೊಡೆದ ಹಾಗೆ ಅಲ್ಲೇ ಇರುತ್ತದೆ, ಅಲುಗುವುದಿಲ್ಲ ಎಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ. ಕೇಳುವವರು ನಗುತ್ತಿದ್ದರು, ಆದರೆ ಒಳಗೊಳಗೇ ನಂಬುತ್ತಿದ್ದರು. ನಂಬದೆ ಇನ್ನೇನು ಮಾಡುತ್ತಾರೆ? ಅವನು ಮಾಡಿದ ಯಾವ ಎರಡು ಕೊಳಲನ್ನು ಎತ್ತಿಕೊಂಡು ಒಟ್ಟಿಗೆ ಊದಿದರೂ ಒಂದೇ ಕೊಳಲು ಊದಿದಂತೆ ಕೇಳುತ್ತಿತ್ತು.

ಕೊಳಲಿನ ಕೆಲಸದಲ್ಲಿ ಕಷ್ಟದ್ದು ತೂತು ಕೊರೆಯುವುದಲ್ಲ, ಕಾಯುವುದು. ಕೆಂಡದಲ್ಲಿ ಕಾಯಿಸಿದ ಸರಳಿನಿಂದ ಬಿದಿರಿಗೆ ತೂತು ಸುಟ್ಟು, ತಕ್ಷಣ ಊದಿದರೆ ಸ್ವರ ಇರಬೇಕಾದ್ದಕ್ಕಿಂತ ಏರಿ ನಿಂತಿರುತ್ತದೆ. ಬಿಸಿ ಕೊಳಲಿನ ಮಾತು ನಂಬುವಂತಿಲ್ಲ. ಅದು ತಣ್ಣಗಾಗಬೇಕು. ತಣ್ಣಗಾದ ಮೇಲೆ ಊದಿ, ಬೇಕಾದ ಸ್ವರಕ್ಕೆ ಎಷ್ಟು ಕಡಿಮೆ ಬಿದ್ದಿದೆ ಎಂದು ನೋಡಿ, ತೂತನ್ನು ಕೂದಲೆಳೆಯಷ್ಟು ಅಗಲ ಮಾಡಬೇಕು. ಮತ್ತೆ ಕಾಯಬೇಕು. ಅಗಲ ಒಂದಿಷ್ಟು ಹೆಚ್ಚಾಯಿತೋ, ಆ ಕೊಳಲು ಒಲೆಗೇ. ಅದಕ್ಕೇ ಉಳಿದ ಕೊಳಲಿನವರು ಪ್ರತಿ ಸಲ ಕಾದು ಮುಗಿದ ಮೇಲೆ ತಾಯಿ ಕೊಳಲನ್ನು, ಅಂದರೆ ಅಳತೆಗೆಂದೇ ಇಟ್ಟುಕೊಂಡ ಹಳೆಯ ಕೊಳಲನ್ನು, ಇನ್ನೊಮ್ಮೆ ಊದಿ ಹೋಲಿಸಿಕೊಳ್ಳುತ್ತಾರೆ. ಕಿವಿಯಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆ. ತೂತು ಸುಡುವ ಮುಂಚೆ ತಾಯಿ ಕೊಳಲನ್ನು ಒಂದೇ ಸಲ ಊದುತ್ತಿದ್ದ, ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಿದ್ದ, ಆಮೇಲೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡನೇ ಸಲ ಊದಿಕೊಳ್ಳುವವನು ಕೊಳಲು ಬಿಟ್ಟು ಪೊರಕೆ ಕಡ್ಡಿ ಮಾರುವುದು ಒಳ್ಳೆಯದು ಎಂಬುದು ಅವನ ಖಾಯಂ ತಮಾಷೆ.

ಅವನ ಕೆಲಸದ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ. ಆಚೆ ಅವನ ಅಕ್ಕ ಕೂರುತ್ತಿದ್ದಳು. ಗಂಡ ಹೋದ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದವಳು, ಅಲ್ಲೇ ಮುದುಕಿಯಾದಳು. ಮದುವೆಯ ಮಾತು ಬಂದಾಗಲೆಲ್ಲ ಬಿದಿರು ಒಣಗಲಿ ತಡಿ ಎನ್ನುತ್ತಿದ್ದ ತಮ್ಮನಿಗೆ ಅವಳೇ ಸಂಸಾರ. ಬಿದಿರು ಸೀಳದಿರಲೆಂದು ಕೊಳಲಿನ ಎರಡೂ ತುದಿಗೆ ಮೇಣದ ದಾರ ಸುತ್ತುವ ಕೆಲಸ ಅವಳದು. ದಾರ ಸುತ್ತುತ್ತಾ ಏನೋ ಗುನುಗುವುದು ಅಭ್ಯಾಸ. ಹಾಡಲ್ಲ, ರಾಗವಲ್ಲ, ಮಾತಂತೂ ಇಲ್ಲವೇ ಇಲ್ಲ. ತುಟಿ ಮುಚ್ಚಿಕೊಂಡು ಒಂದೇ ಸ್ವರ, ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲಿಸುವುದು, ಮತ್ತೆ ಅದೇ. ಹಲಗೆಯ ಸಂದಿನಲ್ಲಿ ಅದು ಈಚೆಗೆ ಬರುತ್ತಿತ್ತು. ಒಲೆಯ ಚಿಟಪಟ, ಬೀದಿಯ ಸೈಕಲ್ ಗಂಟೆಗಳ ಹಾಗೆ ಅದೂ ಒಂದು ಸದ್ದು, ಕಿವಿಯಪ್ಪ ಅದನ್ನು ಕೇಳಿಸಿಕೊಂಡಿದ್ದೇನೆ ಎಂದು ಅಂದುಕೊಂಡೇ ಇರಲಿಲ್ಲ.

ಹೀಗಿರುವಾಗ ರೇಡಿಯೋದವನೊಬ್ಬ ಬಂದ. ಕೈಕಸುಬಿನವರ ಬಗ್ಗೆ ಕಾರ್ಯಕ್ರಮ ಮಾಡುತ್ತಿದ್ದೇನೆ, ನಿಮ್ಮ ಕಿವಿಯ ವಿಷಯ ಕೇಳಿದೆ ಎಂದ. ಇಷ್ಟು ಹೇಳಿದರೆ ಸಾಕಲ್ಲ, ಕಿವಿಯಪ್ಪನಿಗೆ ಕೊಂಬು ಬಂತು. ಒಗೆದ ಅಂಗಿ ಹಾಕಿಕೊಂಡ, ನೆಲ ಗುಡಿಸಿದ, ಎರಡೆರಡು ಸಲ ಗಂಟಲು ಸರಿಮಾಡಿಕೊಂಡ. ತಾಯಿ ಕೊಳಲು ಊದಿ, ಬಟ್ಟೆಯಲ್ಲಿ ಸುತ್ತಿ, ತೂತು ಸುಟ್ಟು, ಬಿದಿರನ್ನು ಹಲಗೆಗೆ ಒರಗಿಸಿ ಕಾಯುವ ಹೊತ್ತಿಗೆ ರೇಡಿಯೋದವನು ಕೈ ಎತ್ತಿದ. ಯಾರೋ ಗುನುಗುತ್ತಿದ್ದಾರೆ, ಮೈಕಿಗೆ ಬರುತ್ತಿದೆ ಎಂದು ಮೆಲ್ಲಗೆ ಹೇಳಿದ. ಅಷ್ಟಕ್ಕೆ ಎದ್ದು ಹೋಗಿ ಅಕ್ಕನಿಗೆ ಒಂದು ಮಾತು ಹೇಳಿ ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಮೈಕು ಎದುರಿಗಿತ್ತು, ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು, ಕಿವಿಯಪ್ಪನಿಗೆ ತಮಾಷೆ ಮಾಡುವ ಹುಮ್ಮಸ್ಸು ಬಂದುಬಿಟ್ಟಿತ್ತು.

"ಅಕ್ಕ, ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ," ಎಂದು ಹಲಗೆಗೆ ಕೂಗಿ, ಮೈಕಿನ ಕಡೆ ತಿರುಗಿದ. "ನೋಡಿ ಸ್ವಾಮಿ, ಇಷ್ಟು ವರ್ಷದಿಂದ ನಮ್ಮಕ್ಕನ ಅಪಸ್ವರ ಕೇಳ್ಕೊಂಡು ಕೇಳ್ಕೊಂಡೇ ನಾನು ಶ್ರುತಿ ಉಳಿಸ್ಕೊಂಡಿರೋದು. ನಮ್ಮ ಕಿವಿ ಅಂದ್ರೆ ಏನು ಅಂತ ಇದರಲ್ಲೇ ಗೊತ್ತಾಗುತ್ತೆ."

ರೇಡಿಯೋದವನು ಬಿದ್ದು ಬಿದ್ದು ನಕ್ಕ. ಹಲಗೆಯಾಚೆ ಸದ್ದು ನಿಂತಿತು.

ಆ ಮಾತನ್ನು ಕತ್ತರಿಸದೆ ಹಾಗೇ ಪ್ರಸಾರ ಮಾಡಿದರು. ಬೀದಿಗೆ ಬೀದಿಯೇ ಕೇಳಿತು. ಅಕ್ಕ ಅಂಗಡಿಗೆ ಹೋದರೆ "ಏನಮ್ಮ ಅಪಸ್ವರದಕ್ಕ, ಸಕ್ಕರೆ ಬೇಕಾ?" ಎಂದು ಕೇಳುವವರಾದರು. ಕೆಟ್ಟ ಮನಸ್ಸಿನಿಂದಲ್ಲ, ಸಲಿಗೆಯಿಂದ. ಅವಳೂ ನಗುತ್ತಿದ್ದಳು. ಮನೆಗೆ ಬಂದು ತಮ್ಮನಿಗೆ ಹೇಳಿ ಅಲ್ಲೂ ನಗುತ್ತಿದ್ದಳು. ಅವಳು ಮುಖ ಊದಿಸಿಕೊಂಡಿದ್ದರೆ, ಒಂದು ಹೊತ್ತು ಊಟ ಬಿಟ್ಟಿದ್ದರೆ, ತಟ್ಟೆ ಕುಕ್ಕಿದ್ದರೆ ಅವನಿಗೆ ಗೊತ್ತಾಗುತ್ತಿತ್ತೋ ಏನೋ. ಅವಳು ಮಾಡಿದ್ದು ಇಷ್ಟೇ: ಮತ್ತೆ ಗುನುಗಲಿಲ್ಲ. ಇರುವ ಸದ್ದು ಕಿವಿಗೆ ಬೀಳುತ್ತದೆ, ಇಲ್ಲದ ಸದ್ದು ಬೀಳುವುದು ಹೇಗೆ? ಕಿವಿಯಪ್ಪ ಗಮನಿಸಲಿಲ್ಲ.

ರೇಡಿಯೋದಿಂದ ಹೆಸರು ಬಂತು, ಹೆಸರಿನ ಬೆನ್ನಿಗೆ ಶಾಲೆಯ ಸಂಗೀತದ ಮೇಷ್ಟ್ರು ಬಂದರು. ಹಳೆಯ ಪರಿಚಯ, ಅವರ ಸ್ವಂತ ಕೊಳಲು ಕೂಡ ಕಿವಿಯಪ್ಪನ ಕೈಯದೇ. ಮಕ್ಕಳ ಒಂದು ತಂಡ ಕಟ್ಟಿದ್ದೇನೆ, ಎಲ್ಲರೂ ಒಟ್ಟಿಗೆ ನುಡಿಸಬೇಕು, ಎಲ್ಲ ಕೊಳಲೂ ಒಂದೇ ಶ್ರುತಿಗೆ ಇರಬೇಕು ಎಂದರು. ಅದು ಕಿವಿಯಪ್ಪನಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಒಳ್ಳೆಯ ಬಿದಿರು ಆರಿಸಿದ, ಅವಸರ ಮಾಡಲಿಲ್ಲ. ಒಂದೊಂದೇ ಮಾಡಿ ಅಕ್ಕನ ಕಡೆ ದಾಟಿಸಿದ. ಅವಳು ದಾರ ಸುತ್ತಿ ಕೊಟ್ಟಳು. ಕಟ್ಟು ಕಟ್ಟಿ ಕಳಿಸಿದ.

ವಾರ ಕಳೆಯುವುದರೊಳಗೆ ಕಟ್ಟು ವಾಪಸು ಬಂತು. ಮೇಷ್ಟ್ರೇ ಹೊತ್ತು ತಂದಿದ್ದರು. ಮಾತಾಡಲು ಅವರಿಗೇ ಸಂಕೋಚ. ಒಂದೊಂದಾಗಿ ಊದಿದರೆ ಎಲ್ಲವೂ ಚೆನ್ನಾಗೇ ಇದೆ, ಒಟ್ಟಿಗೆ ಊದಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಗುತ್ತದೆ ಎಂದರು. ಕಿವಿಯಪ್ಪ ನಕ್ಕುಬಿಟ್ಟ. ಮಕ್ಕಳಿಗೆ ಊದಲು ಬರುವುದಿಲ್ಲ, ಗಾಳಿ ಜಾಸ್ತಿ ಬಿಡುತ್ತಾರೆ ಎಂದ. ಮೇಷ್ಟ್ರು ಒಂದು ಕೊಳಲು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ತೆಗೆದುಕೊಂಡರು. ಇಬ್ಬರೂ ಒಟ್ಟಿಗೆ ಊದಿದರು. ಎರಡು ಸ್ವರಗಳು ಒಂದನ್ನೊಂದು ತಿಕ್ಕಿಕೊಂಡು ಕೋಣೆಯಲ್ಲಿ ನಡುಗಿದವು. ಇನ್ನೊಂದು ಜೊತೆ ತೆಗೆದರು, ಅದೂ ಹಾಗೇ. ಕಿವಿಯಪ್ಪ ಉಳಿದವನ್ನೂ ಒಂದೊಂದಾಗಿ ಊದಿ ನೋಡಿದ. ಕೆಲವು ಕೊಂಚ ಕೆಳಗೆ, ಕೆಲವು ಇನ್ನೂ ಕೆಳಗೆ, ಒಂದಂತೂ ಮೇಲೆ. ಕುಡಿದವನು ಮಾಡಿದ ಕೊಳಲುಗಳಂತಿದ್ದವು.

ಆಗಲಾದರೂ ತಪ್ಪಾಯಿತು ಅನ್ನಬೇಕಿತ್ತು. ಅವನಿಗೆ ಮೂಗಿನ ತುದಿಗೆ ಕೋಪ ಬಂತು. ಬಿದಿರು ಸರಿಯಿಲ್ಲ, ಹವೆ ಸರಿಯಿಲ್ಲ, ಕೊಳಲುಗಳನ್ನು ಬಿಸಿಲಲ್ಲಿ ಇಟ್ಟಿದ್ದೀರಿ, ಇಷ್ಟು ವರ್ಷ ಇಲ್ಲದ ದೂರು ಈಗ ಎಲ್ಲಿಂದ ಬಂತು ಎಂದೆಲ್ಲ ಹಾರಾಡಿದ. ಮೇಷ್ಟ್ರು ಕೇಳಿಸಿಕೊಂಡರು, ಎದ್ದರು, ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ನಿಂತು, ಮಕ್ಕಳ ಕಾರ್ಯಕ್ರಮ ಹತ್ತಿರ ಬಂತು, ಸದ್ಯಕ್ಕೆ ಪ್ಲಾಸ್ಟಿಕ್ ಕೊಳಲು ತರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಹೋದರು. ಪ್ಲಾಸ್ಟಿಕ್ ಅನ್ನುವ ಮಾತು ಅವನನ್ನು ಕೆನ್ನೆಗೆ ಹೊಡೆದಷ್ಟು ನೋಯಿಸಿತು.

ಆಮೇಲಿನ ತಿಂಗಳುಗಳಲ್ಲಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇರೆ ಕಡೆಯಿಂದ ಬಿದಿರು ತರಿಸಿದ. ಒಲೆಯ ಜಾಗ ಬದಲಿಸಿದ. ಗಾಳಿ ಬರಬಾರದೆಂದು ಕಿಟಕಿಗೆ ಗೋಣಿ ಬಡಿದ. ಕೋಣೆ ಎಷ್ಟು ನಿಶ್ಶಬ್ದವಾಗಿದ್ದರೆ ಅಷ್ಟು ಒಳ್ಳೆಯದೆಂದು ಬಾಗಿಲು ಹಾಕಿಕೊಂಡು ಕೂತ. ಪಾಪ, ಆ ಒಂದು ಉಪಾಯವೇ ಅವನನ್ನು ಇನ್ನಷ್ಟು ಹಾಳು ಮಾಡುತ್ತಿದೆ ಎಂದು ಅವನಿಗೆ ಹೇಳುವವರು ಯಾರು? ಕಾಯುವಾಗ ಸ್ವರ ತಲೆಯಲ್ಲಿದೆ ಅನ್ನಿಸುತ್ತಿತ್ತು. ಊದುವ ಹೊತ್ತಿಗೆ ಇದೆಯೋ ಇಲ್ಲವೋ ಎಂಬ ಅನುಮಾನ. ಅನುಮಾನ ಬಂದ ಮೇಲೆ ಇದ್ದದ್ದೂ ಹೋಗುತ್ತಿತ್ತು. ಆದರೂ ತಾಯಿ ಕೊಳಲಿಗೆ ಕೈ ಹಾಕುತ್ತಿರಲಿಲ್ಲ. ಹಾಕಿದರೆ ತಾನು ತಾನಲ್ಲ ಎಂದು ಒಪ್ಪಿಕೊಂಡ ಹಾಗೆ. ಕಿವಿಯಿಂದ ಬಂದ ಹೆಸರು, ಕಿವಿಯಿಂದ ಬಂದ ಅನ್ನ; ಕಿವಿ ಹೋದರೆ ತನ್ನಲ್ಲಿ ಉಳಿದದ್ದೇನು ಎಂದು ಅವನು ನಿಜಕ್ಕೂ ಹೆದರಿದ್ದ. ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ.

ಕಿವಿ ತೋರಿಸಿಕೊಂಡು ಬಾ ಎಂದು ಕೊನೆಗೆ ಹೇಳಿದವಳು ಅಕ್ಕನೇ. ಹೋದ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನಗುಮುಖದವಳು. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ದೊಡ್ಡ ಸದ್ದು ಎಲ್ಲ ಕೇಳಿಸಿದಳು. ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಕೇಳಿಸುವುದೇ ಅಪರೂಪ, ಏನೂ ತೊಂದರೆ ಇಲ್ಲ ಎಂದಳು. ಸಂತೋಷ ಪಡುವ ಬದಲು ಅವನ ಮುಖ ಬಾಡಿತು. ಕಿವಿ ಕೆಟ್ಟಿದೆ ಅಂದಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು. ಅವನು ತನ್ನ ಕಸುಬಿನ ವಿಷಯ, ಕಾಯುವ ವಿಷಯ ಎಲ್ಲ ಹೇಳಿಕೊಂಡ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ಇನ್ನೊಂದು ಪರೀಕ್ಷೆ ಮಾಡೋಣ ಎಂದು ಮತ್ತೆ ಒಳಗೆ ಕಳಿಸಿದಳು.

ಈ ಸಲ ಒಂದು ಸ್ವರ, ಆಮೇಲೆ ಖಾಲಿ, ಆಮೇಲೆ ಇನ್ನೊಂದು ಸ್ವರ. ಎರಡೂ ಒಂದೇನಾ ಬೇರೆನಾ ಹೇಳಬೇಕು. ಮೊದಮೊದಲು ನಡುವಿನ ಖಾಲಿ ಕಣ್ಣು ಮಿಟುಕಿಸುವಷ್ಟು. ಅವನು ಪಟಪಟನೆ ಹೇಳಿದ, ಒಂದೂ ತಪ್ಪಲಿಲ್ಲ. ಖಾಲಿ ಬೆಳೆಯುತ್ತಾ ಹೋಯಿತು. ಹೇಳಿದ, ಆದರೆ ತಡೆದು ಹೇಳಿದ. ಇನ್ನೂ ಬೆಳೆಯಿತು. ಆ ದಪ್ಪ ಗೋಡೆಯ ಕೋಣೆಯೊಳಗೆ, ಸ್ವರ ನಿಂತು ಮುಂದಿನದಕ್ಕೆ ಕಾಯುತ್ತಿರುವಾಗ, ಕೈಯಲ್ಲಿ ಹಿಡಿದ ನೀರು ಸೋರಿಹೋಗುವ ಹಾಗೆ ಅದು ಸೋರಿಹೋಗುವುದು ಅವನಿಗೇ ತಿಳಿಯಿತು. ಬಿಗಿ ಹಿಡಿದಷ್ಟೂ ಸೋರಿತು. ಎರಡನೆಯ ಸ್ವರ ಬಂದಾಗ ಒಂದೇ ಅಂದ. ಅಲ್ಲ. ಬೇರೆ ಅಂದ. ಅದೂ ಅಲ್ಲ.

ಹೊರಗೆ ಬಂದಾಗ ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಡಾಕ್ಟರಮ್ಮ ಸಮಾಧಾನ ಹೇಳಿದಳು. ಇದು ಕಾಯಿಲೆಯಲ್ಲ, ಎಲ್ಲರಿಗೂ ಹೀಗೇ. ಕೇಳಿದ ಸ್ವರ ತಲೆಯಲ್ಲಿ ಸ್ವಲ್ಪ ಹೊತ್ತು ಗಟ್ಟಿಯಾಗಿ ಇರುತ್ತದೆ, ಆಮೇಲೆ ಮಸುಕಾಗುತ್ತದೆ, ಎಲ್ಲಿತ್ತೋ ಅಲ್ಲಿಂದ ಜರುಗುತ್ತದೆ. ವಯಸ್ಸಾದಂತೆ ಇನ್ನೂ ಬೇಗ. ಜರುಗಿದ್ದು ನಮಗೆ ಗೊತ್ತೂ ಆಗುವುದಿಲ್ಲ, ಈಗ ತಲೆಯಲ್ಲಿರುವುದೇ ಮೊದಲಿದ್ದದ್ದು ಅಂದುಕೊಳ್ಳುತ್ತೇವೆ ಎಂದಳು. ಅವನು ಒಪ್ಪಲಿಲ್ಲ. ಎಷ್ಟೋ ವರ್ಷ ತನಗೆ ಹೀಗಾಗಿರಲಿಲ್ಲ, ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಕಾಯುತ್ತಿದ್ದೆ, ಒಂದು ಕೊಳಲೂ ತಪ್ಪುತ್ತಿರಲಿಲ್ಲ ಎಂದು ವಾದಿಸಿದ.

"ಹಾಗಿದ್ರೆ ಆವಾಗ ಆ ಸ್ವರ ಎಲ್ಲೋ ನಡೀತಾನೇ ಇದ್ದಿರ್ಬೇಕು," ಎಂದಳು ಡಾಕ್ಟರಮ್ಮ. "ಕೆಲವರು ಕಾಯೋವಾಗ ಮೆಲ್ಲಗೆ ಗುನುಗ್ತಿರ್ತಾರೆ, ಅವರಿಗೇ ಗೊತ್ತಿರಲ್ಲ. ನೀವೂ ಗುನುಗ್ತಿದ್ರಾ?"

"ನಾನಾ? ಇಲ್ಲಮ್ಮ, ನಾನಲ್ಲ," ಎಂದ ಕಿವಿಯಪ್ಪ.

ಡಾಕ್ಟರಮ್ಮ ಇನ್ನೂ ಏನೋ ಹೇಳುತ್ತಿದ್ದಳು, ಅವನ ಕಿವಿಗೆ ಹೋಗಲಿಲ್ಲ. ಅವನಿಗೆ ಹಲಗೆಯ ಸಂದು ನೆನಪಾಯಿತು. ತಾನು ತಾಯಿ ಕೊಳಲು ಊದಿದ ಕೂಡಲೇ ಆಚೆ ಶುರುವಾಗುತ್ತಿದ್ದದ್ದು, ಹೊಸ ಕೊಳಲು ಮುಗಿಯುವವರೆಗೂ ಇರುತ್ತಿದ್ದದ್ದು. ಇಷ್ಟು ವರ್ಷ ತನ್ನ ತಲೆಯೊಳಗೆ ಮೊಳೆ ಹೊಡೆದಂತೆ ಇದೆ ಎಂದುಕೊಂಡಿದ್ದ ಸ್ವರ ತಲೆಯೊಳಗೆ ಇರಲೇ ಇಲ್ಲ. ಅದು ಕೋಣೆಯಲ್ಲಿತ್ತು. ಅದನ್ನು ಮೈಕಿನ ಮುಂದೆ ಕೂತು ಅಪಸ್ವರ ಎಂದಿದ್ದ. ಸುತ್ತಮುತ್ತಲ ಊರಿಗೆಲ್ಲ ಕೇಳುವ ಹಾಗೆ, ಶ್ರುತಿ ಬಲ್ಲವನು ತಾನು ಎಂಬ ಠೀವಿಯಲ್ಲಿ, ತನ್ನ ಕಿವಿಗೆ ಬಿದ್ದ ಅತ್ಯಂತ ಸರಿಯಾದ ಸ್ವರವನ್ನು ಅಪಸ್ವರ ಎಂದಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೈಕೈ ಹಿಸುಕಿಕೊಂಡ. ದಾರಿಹೋಕರು ಯಾರೋ ನೀರು ಬೇಕಾ ಎಂದು ಕೇಳಿದರು.

ಮನೆಗೆ ಬಂದಾಗ ಅಕ್ಕ ದಾರಕ್ಕೆ ಮೇಣ ತಿಕ್ಕುತ್ತಿದ್ದಳು. ಡಾಕ್ಟರು ಏನಂದರು ಎಂದು ಕೇಳಿದಳು. ಅವನು ಅವಳ ಎದುರಿನ ಮಣೆಯ ಮೇಲೆ ಕೂತು, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಮರೆತ. ಹೇಗೋ ಹೇಳಿದ. ತಪ್ಪಾಯಿತು ಅಂದ. ಆ ದಿನ ಹಾಗೆ ಅನ್ನಬಾರದಿತ್ತು, ನಿನ್ನ ಸ್ವರವೇ ನನಗೆ ಅಳತೆಯಾಗಿತ್ತು, ನನಗೆ ಗೊತ್ತಿರಲಿಲ್ಲ ಅಂದ. ನಿನಗೆ ಗೊತ್ತಿತ್ತಾ ಎಂದು ಕೇಳಿದ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನನಗೇನು ಗೊತ್ತು ಕಣೋ ಅದೆಲ್ಲ," ಎಂದಳು. "ನೀನು ಊದಿದ್ದು ಬಾಯಿಗೆ ಅಂಟ್ಕೊಂಡ್ಬಿಡೋದು. ಬಿಡೋಕೆ ಮನಸ್ಸು ಬರ್ತಿರ್ಲಿಲ್ಲ, ಅದಕ್ಕೇ ಇಟ್ಕೊಂಡಿರ್ತಿದ್ದೆ."

ಮತ್ತೆ ಗುನುಗು ಎಂದು ಅವನು ಕೇಳಿಕೊಂಡ. ಅವಳಿಗೆ ನಾಚಿಕೆಯಾಯಿತು, ಈ ವಯಸ್ಸಲ್ಲಿ ಇದೆಂಥ ಹುಚ್ಚಾಟ ಎಂದಳು. ಅವನು ಬಿಡಲಿಲ್ಲ. ಕೊನೆಗೆ, ಆಯ್ತಪ್ಪ, ನಿನ್ನ ಸಮಾಧಾನಕ್ಕೆ ಎಂದು ಒಪ್ಪಿದಳು. ಅವನು ಗಡಿಬಿಡಿಯಿಂದ ಒಲೆ ಹೊತ್ತಿಸಿದ, ಸರಳು ಇಟ್ಟ, ಕಿಟಕಿಯ ಗೋಣಿ ಕಿತ್ತು ಹಾಕಿದ. ಒಂದು ಹೊಸ ಬಿದಿರು ತೆಗೆದುಕೊಂಡು ತಾಯಿ ಕೊಳಲು ಊದಿದ. ತೂತು ಸುಟ್ಟು, ಬಿದಿರನ್ನು ತಣ್ಣಗಾಗಲು ಇಟ್ಟು, ಹಲಗೆಯ ಕಡೆಗೆ ಕಿವಿಗೊಟ್ಟ.

ಆಚೆಯಿಂದ ಸ್ವರ ಬಂತು. ಅವನ ಕಣ್ಣು ತುಂಬಿಕೊಂಡಿತು. ಇನ್ನೊಂದು ಉಸಿರಿಗೆ ಅದು ಅರ್ಧಕ್ಕೇ ನಿಂತಿತು. ಮತ್ತೆ ಬಂತು, ಮತ್ತೆ ತಟ್ಟನೆ ನಿಂತಿತು, ಯಾರೋ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ಅವನು ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದ. ಅಕ್ಕ ದಾರ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿಟ್ಟು ಗುನುಗುತ್ತಿದ್ದಳು. ಎರಡು ಉಸಿರು ಕಳೆಯುವುದರೊಳಗೆ ಅವಳ ತುಟಿ ತಾನಾಗಿ ಬಿಗಿಯಾಗುತ್ತಿತ್ತು. ಬೆಚ್ಚಿ ಕಣ್ಣು ತೆರೆದಳು. ಬಾಗಿಲಲ್ಲಿ ತಮ್ಮ ನಿಂತದ್ದನ್ನು ಕಂಡು, ಜೋರಾಯಿತಾ ಎಂದು ಕೇಳುವವಳ ಹಾಗೆ ಅವನ ಮುಖ ನೋಡಿದಳು.

"ಇಲ್ಲ ಅಕ್ಕ, ಜೋರಾಗಿಲ್ಲ. ಹಾಡು," ಎಂದ.

ಅವಳು ಮತ್ತೆ ಶುರು ಮಾಡಿದಳು. ಈ ಸಲ ಎಲ್ಲಿಂದ ಶುರು ಮಾಡಿದಳೋ ಅದು ಮೊದಲಿನ ಸ್ವರವೇ ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ. ಅವಳು ನಿಲ್ಲಿಸಿ, ದಾರವನ್ನು ಮಡಿಲಿಗೆ ಹಾಕಿಕೊಂಡಳು.

"ಬರಲ್ಲ ಕಣೋ," ಎಂದಳು. ದನಿಯಲ್ಲಿ ದೂರು ಇರಲಿಲ್ಲ. "ಬಾಯಿಗೆ ಬಂದಾಗೆಲ್ಲ ನುಂಗಿ ನುಂಗಿ ಇಟ್ಟೆ. ಮೊದಮೊದಲು ಕಷ್ಟ ಆಗ್ತಿತ್ತು, ಆಮೇಲೆ ಅದೇ ಬರೋದು ಬಿಡ್ತು. ನನ್ನ ನಂಬ್ಕೊಂಡು ಬಿದಿರು ಹಾಳು ಮಾಡ್ಕೋಬೇಡ. ತಾಯಿ ಕೊಳಲನ್ನೇ ಇನ್ನೊಂದ್ಸಲ ಊದ್ಕೋ ಹೋಗು."

ಅವಳು ತಲೆ ತಗ್ಗಿಸಿ ದಾರದ ತುದಿ ಹುಡುಕತೊಡಗಿದಳು. ಅವನು ಈಚೆ ಬಂದು ಕೂತ. ಬಿದಿರು ತಣ್ಣಗಾಗಿತ್ತು. ಬಟ್ಟೆ ಬಿಚ್ಚಿ ತಾಯಿ ಕೊಳಲನ್ನು ಎರಡನೇ ಸಲ ಊದಿದ, ಹೊಸದನ್ನು ಊದಿದ, ತೂತನ್ನು ಕೂದಲೆಳೆಯಷ್ಟು ಅಗಲ ಮಾಡಿದ, ಮತ್ತೆ ಕಾದು ಮತ್ತೆ ಎರಡನ್ನೂ ಊದಿದ. ಅಷ್ಟು ಸುಲಭವಿತ್ತು. ಹೀಗೇ ಮಾಡಿದ್ದರೆ ಮೇಷ್ಟ್ರ ಕೊಳಲುಗಳು ಒಂದೂ ತಪ್ಪುತ್ತಿರಲಿಲ್ಲ, ಮುಂದೆಯೂ ಯಾವುದೂ ತಪ್ಪುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಆ ಕೊಳಲು ತಾಯಿ ಕೊಳಲಿಗೆ ಸರಿಯಾಗಿ ಕೂತಿತ್ತು, ಒಂದೆಳೆಯೂ ಆಚೀಚೆ ಇರಲಿಲ್ಲ. ಹಲಗೆಯಾಚೆ ಅಕ್ಕ ದಾರ ಸುತ್ತುತ್ತಿದ್ದಳು, ದಾರ ಬಿದಿರಿಗೆ ಉಜ್ಜುವ ಸದ್ದು ಕೂಡ ಕೇಳುವಷ್ಟು ಮೌನವಿತ್ತು. ಇಂಥ ಸರಿಯಾದ ಕೊಳಲು ಅವನಿಗೆ ಬೇಕಿರಲಿಲ್ಲ.